ಹೊಲದ ಇಂಗಾಲ ಎಲ್ಲಿಗೆ ಸಲ್ಲಬೇಕು?



ವಿಜ್ಞಾನವನ್ನು ಕನ್ನಡದಲ್ಲಿ, ಅದೂ ನಮ್ಮ ಜನರ ಬದುಕಿಗೆ ತಾಗುವ ಕಡೆಯಿಂದ ವಿವೇಚಿಸಬೇಕೆಂಬುದು ಈ ದತ್ತಿ ಉಪನ್ಯಾಸದ ಆಶಯ. ಅದಕ್ಕೆ ತಕ್ಕ ವಿಷಯವೆಂದು ಎಥೆನಾಲನ್ನು ಆರಿಸಿಕೊಂಡಿದ್ದೇನೆ. ಕಬ್ಬು, ಮೆಕ್ಕೆಜೋಳ, ನುಚ್ಚಕ್ಕಿಗಳಿಂದ ಬರುವ ಈ ದ್ರವದ ಬಗ್ಗೆ ಇತ್ತೀಚಿನ ವರ್ಷಗಳಲ್ಲಿ ನಮ್ಮಲ್ಲಿ ನಡೆದ ಚರ್ಚೆಯೆಲ್ಲ ಪೆಟ್ರೋಲ್ ಬಂಕಿನ ಸುತ್ತಲೇ ಸುತ್ತಿದೆ: ಎಷ್ಟು ಬೆರೆಸಬೇಕು, ಮೈಲೇಜು ಎಷ್ಟು ಇಳಿಯಿತು, ಹಳೆಯ ಸ್ಕೂಟರಿನ ರಬ್ಬರು ಭಾಗಗಳು ತಾಳಿಯಾವೆ. ಇವೆಲ್ಲ ನ್ಯಾಯವಾದ ಪ್ರಶ್ನೆಗಳೇ. ಆದರೆ ಇವಕ್ಕಿಂತ ಮೊದಲು ಕೇಳಬೇಕಾದ ಪ್ರಶ್ನೆಯೊಂದು ಹಿಂದೆ ಉಳಿದಿದೆ. ಗಾಳಿಯಲ್ಲಿದ್ದ ಇಂಗಾಲವನ್ನು ಬೆಳೆ ಹಿಡಿದು ಕೊಟ್ಟಿದೆ. ಅದಕ್ಕಾಗಿ ನೆಲ, ನೀರು, ಗೊಬ್ಬರ, ರೈತನ ವರ್ಷದ ದುಡಿಮೆ ಸಂದಿವೆ. ಇಷ್ಟು ಬೆಲೆ ತೆತ್ತು ಪಡೆದ ಇಂಗಾಲವನ್ನು ಎಲ್ಲಿ ಬಳಸಿದರೆ ಹೆಚ್ಚು ಸಾರ್ಥಕ? ನನ್ನ ವಾದ ಇಷ್ಟು: ಎಥೆನಾಲನ್ನು ಇಂಗಾಲದ ಕಚ್ಚಾವಸ್ತುವೆಂದು ಕಾಣಬೇಕು. ಬೇರೆ ದಾರಿ ಇಲ್ಲದ ಕಡೆಗೆ, ಎಂದರೆ ವಿಮಾನದ ಇಂಧನಕ್ಕೂ ಪ್ಲಾಸ್ಟಿಕ್, ರಾಸಾಯನಿಕಗಳಂಥ ವಸ್ತುಗಳಿಗೂ ಅದು ಮೊದಲು ಸಲ್ಲಬೇಕು. ಕಾರು, ಬೈಕುಗಳ ಪೆಟ್ರೋಲಿಗೆ ಬೆರೆಸುವ ಕೆಲಸ ಈಗಿರುವಲ್ಲಿಗೆ ನಿಲ್ಲಬೇಕು, ಮುಂದೆ ಕ್ರಮವಾಗಿ ಇಳಿಯಬೇಕು.

ಈಗ ನಾವಿರುವ ಜಾಗವನ್ನು ಮೊದಲು ನೋಡೋಣ. ಪೆಟ್ರೋಲಿಗೆ ಆಲ್ಕೊಹಾಲ್ ಬೆರೆಸುವ ಯೋಚನೆ ನಮ್ಮ ದೇಶಕ್ಕೆ ಹೊಸದಲ್ಲ. 1948ರಲ್ಲೇ ಭಾರತೀಯ ಪವರ್ ಆಲ್ಕೊಹಾಲ್ ಕಾಯಿದೆ ಬಂದಿತ್ತು. ಈಗಿನ ಮಿಶ್ರಣ ಕಾರ್ಯಕ್ರಮ 2003ರಲ್ಲಿ ಆರಂಭವಾಯಿತಾದರೂ 2013-14ರ ಹೊತ್ತಿಗೆ ಬೆರಕೆಯ ಪ್ರಮಾಣ ಶೇ 1.53 ಮಾತ್ರ. 2018ರ ರಾಷ್ಟ್ರೀಯ ಜೈವಿಕ ಇಂಧನ ನೀತಿಯ ನಂತರ ವೇಗ ಬಂತು. 2022ರ ಜೂನಿನಲ್ಲಿ ಶೇ 10, 2025ರಲ್ಲಿ ಶೇ 20. ಇದು ಸಣ್ಣ ಸಾಧನೆಯಲ್ಲ. ಕಚ್ಚಾತೈಲದ ಆಮದು ಖರ್ಚು ಅಷ್ಟರಮಟ್ಟಿಗೆ ತಗ್ಗಿತು, ಸಕ್ಕರೆ ದಾಸ್ತಾನು ಮಾರಾಟವಾಗದೆ ರೈತರ ಬಾಕಿ ಉಳಿಸಿಕೊಳ್ಳುತ್ತಿದ್ದ ಕಾರ್ಖಾನೆಗಳ ಕೈಗೆ ಹಣ ಬಂತು. ಬೆಳಗಾವಿ, ಬಾಗಲಕೋಟೆ, ವಿಜಯಪುರ ಜಿಲ್ಲೆಗಳಲ್ಲಿ ಸಕ್ಕರೆ ಕಾರ್ಖಾನೆಯ ಪಕ್ಕದಲ್ಲಿ ಡಿಸ್ಟಿಲರಿಗಳು ಎದ್ದವು. ಆದರೆ ಏರಿದ ಸಾಮರ್ಥ್ಯಕ್ಕೆ ಈಗ ತಕ್ಕ ಗಿರಾಕಿ ಇಲ್ಲ. 2025-26ರ ಪೂರೈಕೆ ವರ್ಷಕ್ಕೆ ತೈಲ ಕಂಪನಿಗಳು ಕೇಳಿದ್ದು 1,050 ಕೋಟಿ ಲೀಟರ್. ಕೊಡುತ್ತೇವೆಂದು ಡಿಸ್ಟಿಲರಿಗಳು ಮುಂದೆ ಬಂದದ್ದು 1,776 ಕೋಟಿ ಲೀಟರಿಗೆ. ಉಳಿದದ್ದನ್ನು ಏನು ಮಾಡುವುದೆಂಬ ಪ್ರಶ್ನೆಗೆ ಬೆರಕೆಯನ್ನು ಶೇ 27ಕ್ಕೋ 30ಕ್ಕೋ ಏರಿಸಿಬಿಡೋಣ ಎಂಬ ಉತ್ತರ ಸುಲಭವಾಗಿ ಬರುತ್ತಿದೆ. ನನ್ನ ತಕರಾರು ಇರುವುದು ಈ ಉತ್ತರದ ಬಗ್ಗೆ.

ಕಾರಣ ತಿಳಿಯಬೇಕಾದರೆ ಎಥೆನಾಲಿನ ರಸಾಯನಶಾಸ್ತ್ರಕ್ಕೆ ಸ್ವಲ್ಪ ಇಳಿಯಬೇಕು. ಯೀಸ್ಟ್ 180 ಕಿಲೋ ಗ್ಲೂಕೋಸನ್ನು ಹುದುಗಿಸಿದರೆ, ಲೆಕ್ಕದ ಪ್ರಕಾರ, 92 ಕಿಲೋ ಎಥೆನಾಲೂ 88 ಕಿಲೋ ಇಂಗಾಲದ ಡೈಆಕ್ಸೈಡೂ ಬರುತ್ತವೆ. ಹೀಗೆ ದೊರೆತ ಎಥೆನಾಲಿನ ಅಣುವಿನಲ್ಲಿ ಎರಡು ಇಂಗಾಲದ ಪರಮಾಣುಗಳು ಪರಸ್ಪರ ಬೆಸೆದುಕೊಂಡಿವೆ, ಒಂದು ಆಮ್ಲಜನಕ ಅಂಟಿಕೊಂಡಿದೆ. ಆ ಆಮ್ಲಜನಕದಿಂದಾಗಿಯೇ ಇಂಧನವಾಗಿ ಅದು ಸ್ವಲ್ಪ ಸೊರಗುತ್ತದೆ. ಒಂದು ಲೀಟರ್ ಪೆಟ್ರೋಲಿನಲ್ಲಿ ಸುಮಾರು 32 ಮೆಗಾಜೂಲ್ ಶಕ್ತಿಯಿದ್ದರೆ ಒಂದು ಲೀಟರ್ ಎಥೆನಾಲಿನಲ್ಲಿ 21. ಐದರಲ್ಲಿ ಒಂದು ಪಾಲು ಬೆರೆಸಿದಾಗ ಲೀಟರಿನ ಶಕ್ತಿ ಶೇ 6ರಿಂದ 7ರಷ್ಟು ಇಳಿಯುವುದು ಈ ಲೆಕ್ಕದಿಂದಲೇ. ಆದರೆ ಅದೇ ಎಥೆನಾಲನ್ನು ಬಿಸಿಯಾದ ಅಲ್ಯುಮಿನಾ ವೇಗವರ್ಧಕದ ಮೇಲೆ ಹಾಯಿಸಿದರೆ ಒಂದು ನೀರಿನ ಅಣು ಕಳಚಿಕೊಂಡು ಎಥಿಲೀನ್ ಉಳಿಯುತ್ತದೆ. ಇಂದಿನ ರಾಸಾಯನಿಕ ಉದ್ಯಮದ ಮೂಲದ್ರವ್ಯಗಳಲ್ಲಿ ಎಥಿಲೀನ್ ಮೊದಲ ಸಾಲಿನದು. ನೀರಿನ ಪೈಪು, ಹಾಲಿನ ಪೊಟ್ಟಣ, ಪಾಲಿಯೆಸ್ಟರ್ ಬಟ್ಟೆ, ಪಿವಿಸಿ, ಮಾರ್ಜಕ, ಕೂಲೆಂಟ್, ಎಲ್ಲಕ್ಕೂ ಅದರ ಪಾಲಿದೆ. ಜಗತ್ತಿನಲ್ಲಿ ಇಂದು ಅದು ಬಹುಪಾಲು ನಾಫ್ತಾದಿಂದ, ಈಥೇನ್ ಅನಿಲದಿಂದ ಬರುತ್ತಿದೆ. ಸುಮಾರು 1.7 ಟನ್ ಎಥೆನಾಲಿನಿಂದ ಒಂದು ಟನ್ ಎಥಿಲೀನ್ ಮಾಡಬಹುದು.

ಮೊದಲು ರಸ್ತೆಯ ವಾಹನಗಳ ಲೆಕ್ಕ ಹಾಕೋಣ. ಎಕರೆಗೆ 40 ಟನ್ ಕಬ್ಬು, ಟನ್ನಿನ ರಸದಿಂದ 70 ಲೀಟರ್ ಎಥೆನಾಲ್ ಎಂದಿಟ್ಟುಕೊಂಡರೆ ಒಂದು ಎಕರೆ ವರ್ಷಕ್ಕೆ 2,800 ಲೀಟರ್ ಕೊಡುತ್ತದೆ. ಶಕ್ತಿಯ ಲೆಕ್ಕದಲ್ಲಿ ಅದು ಸುಮಾರು 1,850 ಲೀಟರ್ ಪೆಟ್ರೋಲಿಗೆ ಸಮ. ಲೀಟರಿಗೆ 18 ಕಿಲೋಮೀಟರ್ ಓಡುವ ಕಾರು ಅದರಿಂದ 33,000 ಕಿಲೋಮೀಟರ್ ಓಡೀತು. ಇನ್ನು ತುಮಕೂರು ಜಿಲ್ಲೆಯ ಪಾವಗಡದ ಸೌರ ಪಾರ್ಕನ್ನು ನೋಡಿ. ಸುಮಾರು 13,000 ಎಕರೆಯಲ್ಲಿ 2,050 ಮೆಗಾವಾಟ್ ಸಾಮರ್ಥ್ಯ. ಒಂದು ಕಿಲೋವಾಟ್ ವರ್ಷಕ್ಕೆ 1,900 ಯೂನಿಟ್ ಕೊಟ್ಟರೆ ಎಕರೆಗೆ ಮೂರು ಲಕ್ಷ ಯೂನಿಟ್ಟಿನ ಹತ್ತಿರ ಬರುತ್ತದೆ. ಸಾಗಣೆಯಲ್ಲಿ, ಬ್ಯಾಟರಿಯಲ್ಲಿ ಶೇ 20 ಸೋರಿಹೋದರೂ, ಯೂನಿಟ್ಟಿಗೆ ಆರು ಕಿಲೋಮೀಟರ್ ಓಡುವ ವಿದ್ಯುತ್ ಕಾರಿಗೆ 14 ಲಕ್ಷ ಕಿಲೋಮೀಟರಿಗೆ ಅದು ಸಾಕು. ನಲವತ್ತು ಪಟ್ಟಿಗೂ ಮೀರಿದ ಅಂತರ. ಅದೂ ಮಳೆ ಕಡಿಮೆಯಿರುವ ಒಣನೆಲದಲ್ಲಿ. ಇಲ್ಲಿಯ ಅಂಕಿಗಳನ್ನು ಯಾರಾದರೂ ಸ್ವಲ್ಪ ಹೆಚ್ಚುಕಡಿಮೆ ಮಾಡಬಹುದು, ಆದರೆ ತೀರ್ಮಾನ ಬದಲಾಗದು. ಸೂರ್ಯನ ಬೆಳಕನ್ನು ಓಡಾಟವಾಗಿ ಮಾರ್ಪಡಿಸುವುದೊಂದೇ ಗುರಿಯಾದರೆ ಬೆಳೆ ಬಹಳ ದುಬಾರಿ ದಾರಿ. ಬೆಳೆಯ ವಿಶೇಷ ಶಕ್ತಿ ಇರುವುದು ಇಂಗಾಲ ಕೊಡುವುದರಲ್ಲಿ. ಸೌರಫಲಕ ವಿದ್ಯುತ್ತನ್ನಷ್ಟೇ ಕೊಡುತ್ತದೆ, ಇಂಗಾಲವನ್ನು ಕೊಡಲಾರದು. ವಿದ್ಯುತ್ತಿನಿಂದ ಆಗುವ ಕೆಲಸಕ್ಕೆ ವಿದ್ಯುತ್ತು, ಇಂಗಾಲವೇ ಬೇಕಾದ ಕೆಲಸಕ್ಕೆ ಬೆಳೆ: ಈ ಹಂಚಿಕೆಯೇ ನನ್ನ ವಾದದ ಬುನಾದಿ.

ಇಂಗಾಲವೇ ಬೇಕಾದ ಕೆಲಸಗಳಲ್ಲಿ ಒಂದು ದೂರದ ವಿಮಾನಯಾನ. ಒಂದು ಕಿಲೋ ವಿಮಾನ ಇಂಧನದಲ್ಲಿ ಸುಮಾರು 12 ಯೂನಿಟ್ ಶಕ್ತಿಯಿದ್ದರೆ ಒಂದು ಕಿಲೋ ಲಿಥಿಯಂ ಬ್ಯಾಟರಿಯಲ್ಲಿ ಕಾಲು ಯೂನಿಟ್ ಆಸುಪಾಸು. ಬೆಂಗಳೂರಿನಿಂದ ಲಂಡನ್ನಿಗೆ ಬ್ಯಾಟರಿಯ ಮೇಲೆ ಹಾರುವ ದೊಡ್ಡ ವಿಮಾನ ಕಣ್ಣಳತೆಯ ಕಾಲದಲ್ಲಿ ಬರುವಂತಿಲ್ಲ. ಎಥೆನಾಲಿನಿಂದ ಎಥಿಲೀನ್ ಮಾಡಿ, ಆ ಪುಟ್ಟ ಅಣುಗಳನ್ನು ಉದ್ದದ ಸರಪಳಿಗಳಾಗಿ ಜೋಡಿಸಿ, ಜಲಜನಕ ಸೇರಿಸಿ, ಬಟ್ಟಿಯಿಳಿಸಿ ಬೇರ್ಪಡಿಸಿದರೆ ವಿಮಾನದ ಸೀಮೆಎಣ್ಣೆ ಸಿಗುತ್ತದೆ. ಲೀಟರಿಗೆ ಸುಮಾರು 1.7 ಲೀಟರ್ ಎಥೆನಾಲ್ ಬೇಕು. ಹೀಗೆ ಮಾಡಿದ ಇಂಧನವನ್ನು ಶೇ 50ರವರೆಗೆ ಬೆರೆಸಲು ಅಂತರರಾಷ್ಟ್ರೀಯ ಮಾನದಂಡ 2018ರಿಂದಲೇ ಒಪ್ಪಿಗೆ ಕೊಟ್ಟಿದೆ. ಅಮೆರಿಕದ ಜಾರ್ಜಿಯಾ ರಾಜ್ಯದ ಸೋಪರ್ಟನ್ನಿನಲ್ಲಿ ಲಾಂಜಾಜೆಟ್ ಕಂಪನಿಯ ಘಟಕ 2024ರ ಜನವರಿಯಲ್ಲಿ ಉದ್ಘಾಟನೆಯಾಯಿತು. ನಮ್ಮಲ್ಲಿ 2023ರ ಮೇ ತಿಂಗಳಲ್ಲಿ ಪುಣೆಯಿಂದ ದೆಹಲಿಗೆ ಹಾರಿದ ಪ್ರಯಾಣಿಕ ವಿಮಾನದಲ್ಲಿ ಪುಣೆಯ ಪ್ರಾಜ್ ಕಂಪನಿ ಕಾಕಂಬಿಯ ಆಲ್ಕೊಹಾಲಿನಿಂದ ತಯಾರಿಸಿದ ಇಂಧನದ ಬೆರಕೆಯಿತ್ತು. ಅಂತರರಾಷ್ಟ್ರೀಯ ಹಾರಾಟಗಳಿಗೆ 2027ರಲ್ಲಿ ಶೇ 1, 2028ರಲ್ಲಿ ಶೇ 2, 2030ರಲ್ಲಿ ಶೇ 5 ಇಂಥ ಇಂಧನ ಇರಬೇಕೆಂದು ಭಾರತ ಗುರಿಯಿಟ್ಟುಕೊಂಡಿದೆ.

ಇನ್ನೊಂದು ಕೆಲಸ ವಸ್ತುಗಳದು. ಪಾಲಿಥೀನಿನಲ್ಲಿ ಇಂಗಾಲ ಶಕ್ತಿಮೂಲವಾಗಿ ಬರುವುದಿಲ್ಲ, ಅದೇ ವಸ್ತುವಿನ ಮೈ. ಅದರ ತೂಕದ ಶೇ 86 ಇಂಗಾಲವೇ. ಇದನ್ನು ವಿದ್ಯುತ್ತಿನಿಂದ ಬದಲಿಸುವ ಮಾತೇ ಇಲ್ಲ. ಬ್ರೆಜಿಲ್‌ನ ದಕ್ಷಿಣದ ರಿಯೊ ಗ್ರಾಂಡೆ ದೊ ಸುಲ್ ರಾಜ್ಯದ ತ್ರಿಯುಂಫೊದಲ್ಲಿ ಬ್ರಾಸ್ಕೆಮ್ ಕಂಪನಿ 2010ರಲ್ಲಿ ವರ್ಷಕ್ಕೆ ಎರಡು ಲಕ್ಷ ಟನ್ ಸಾಮರ್ಥ್ಯದ ಘಟಕವನ್ನು ಆರಂಭಿಸಿತು. ಅಲ್ಲಿ ಕಬ್ಬಿನ ಎಥೆನಾಲಿನಿಂದ ಎಥಿಲೀನ್, ಅದರಿಂದ ಪಾಲಿಥೀನ್ ಆಗುತ್ತದೆ. 2018ರಿಂದ ಲೆಗೊ ಆಟಿಕೆಗಳ ಗಿಡ, ಎಲೆಗಳ ತುಣುಕುಗಳು ಕಬ್ಬಿನ ಪಾಲಿಥೀನಿನವು. ನಮ್ಮ ದೇಶಕ್ಕೂ ಈ ವಿದ್ಯೆ ಹಳೆಯದು. ಅರುವತ್ತರ ದಶಕದಲ್ಲಿ ಬರೇಲಿಯಲ್ಲಿ ಆಲ್ಕೊಹಾಲಿನಿಂದ ಕೃತಕ ರಬ್ಬರು ತಯಾರಾಗುತ್ತಿತ್ತು. ಅಗ್ಗದ ನಾಫ್ತಾ ಬಂದ ಮೇಲೆ ಆಲ್ಕೊಹಾಲ್ ಆಧಾರದ ಉದ್ಯಮ ಕುಗ್ಗಿತು, ಆದರೆ ಪೂರ್ತಿ ಸಾಯಲಿಲ್ಲ. ಉತ್ತರಾಖಂಡದ ಕಾಶೀಪುರದಲ್ಲಿ ಇಂಡಿಯಾ ಗ್ಲೈಕಾಲ್ಸ್ ಎಥೆನಾಲಿನಿಂದ ಗ್ಲೈಕಾಲ್ ಮಾಡುವುದನ್ನು ಬಿಡಲಿಲ್ಲ. ಪೆಟ್ ಬಾಟಲಿಯ ತೂಕದಲ್ಲಿ ಸುಮಾರು ಮೂರನೆಯ ಒಂದು ಪಾಲು ಇಂಥ ಗ್ಲೈಕಾಲಿನಿಂದಲೇ ಬರುತ್ತದೆ. ಕರ್ನಾಟಕಕ್ಕೆ ಎಷ್ಟು ಸಾಧ್ಯವೆಂದು ಲೆಕ್ಕ ಹಾಕಿ ನೋಡಬಹುದು. ಐದು ಕೋಟಿ ಟನ್ ಕಬ್ಬು ನುರಿಸುವ ಹಂಗಾಮೊಂದನ್ನು ತೆಗೆದುಕೊಳ್ಳಿ. ಸಕ್ಕರೆಯನ್ನೆಲ್ಲ ತೆಗೆದ ಮೇಲೆ ಉಳಿಯುವ ಕೊನೆಯ ಕಾಕಂಬಿಯಿಂದ ಟನ್ ಕಬ್ಬಿಗೆ ಹತ್ತು ಲೀಟರಿನ ಮೇಲೆ ಎಥೆನಾಲ್ ಸಿಗುತ್ತದೆ. ಒಟ್ಟು 50 ಕೋಟಿ ಲೀಟರ್, ಎಂದರೆ ಸುಮಾರು 2.3 ಲಕ್ಷ ಟನ್ ಎಥಿಲೀನ್. ಒಂದು ಚಮಚ ಸಕ್ಕರೆಯೂ ಕಡಿಮೆಯಾಗದೆ, ಒಂದು ಎಕರೆಯೂ ಹೆಚ್ಚದೆ, ತ್ರಿಯುಂಫೊದ ಆ ಘಟಕ ಆರಂಭದಲ್ಲಿದ್ದಷ್ಟು ದೊಡ್ಡ ಕಾರ್ಖಾನೆಗೆ ನಮ್ಮ ರಾಜ್ಯದ ಕಾಕಂಬಿಯೊಂದೇ ಸಾಲುತ್ತದೆ. ಆ ಕಾಕಂಬಿಗೆ ಇಂದು ಮದ್ಯದ, ಪೆಟ್ರೋಲಿನ ಗಿರಾಕಿಗಳಿದ್ದಾರೆ ನಿಜ. ಯಾರಿಗೆ ಮೊದಲು ಎಂಬುದು ನೀತಿಯ ಆಯ್ಕೆ, ಆ ಆಯ್ಕೆಯ ಬಗ್ಗೆಯೇ ನಾನು ಮಾತಾಡುತ್ತಿರುವುದು.

ಇಷ್ಟೆಲ್ಲ ಹೇಳಿದ ಮೇಲೆ ಒಂದು ಎಚ್ಚರಿಕೆ ಅಗತ್ಯ. ಬೆಳೆಯಿಂದ ಬಂದದ್ದೆಲ್ಲ ತಾನಾಗಿ ಹವಾಮಾನಕ್ಕೆ ಹಿತವಾಗುವುದಿಲ್ಲ. ಗೊಬ್ಬರ ತಯಾರಿಕೆಗೆ ಅನಿಲ ಉರಿಯುತ್ತದೆ. ಮಣ್ಣಿಗೆ ಹಾಕಿದ ಯೂರಿಯಾದ ಒಂದಂಶ ನೈಟ್ರಸ್ ಆಕ್ಸೈಡ್ ಆಗಿ ಮೇಲೇರುತ್ತದೆ. ಭೂಮಿಯನ್ನು ಬಿಸಿಯೇರಿಸುವ ಅದರ ಶಕ್ತಿ ತೂಕಕ್ಕೆ ತೂಕ ಇಂಗಾಲದ ಡೈಆಕ್ಸೈಡಿನ 270 ಪಟ್ಟಿಗಿಂತ ಹೆಚ್ಚು. ಡಿಸ್ಟಿಲರಿಯ ಬಾಯ್ಲರಿಗೆ ಏನು ಹಾಕುತ್ತಾರೆ ಎಂಬುದೂ ಮುಖ್ಯ. ಕಬ್ಬಿನ ಕಾರ್ಖಾನೆಗೆ ತನ್ನದೇ ಸಿಪ್ಪೆ ಉರುವಲಾಗುತ್ತದೆ, ಧಾನ್ಯದ ಡಿಸ್ಟಿಲರಿಗೆ ಆ ಅನುಕೂಲವಿಲ್ಲ. ಅಲ್ಲಿ ಕಲ್ಲಿದ್ದಲು ಉರಿದರೆ ಉಳಿತಾಯದ ಬಹುಭಾಗ ಹೊಗೆಯಾಗಿ ಹೋಗುತ್ತದೆ. ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆ 2010ರಲ್ಲಿ ಪೆಟ್ರೋಲಿಗೆ ಹೋಲಿಸಿ ಬ್ರೆಜಿಲ್‌ನ ಕಬ್ಬಿನ ಎಥೆನಾಲಿಗೆ ಶೇ 61, ಮೆಕ್ಕೆಜೋಳದ ಎಥೆನಾಲಿಗೆ ಶೇ 21 ಇಳಿಕೆಯೆಂದು ಅಂದಾಜಿಸಿತು. 2022ರಲ್ಲಿ ಅಲ್ಲಿನ ರಾಷ್ಟ್ರೀಯ ವಿಜ್ಞಾನ ಅಕಾಡೆಮಿಯ ಪತ್ರಿಕೆಯಲ್ಲಿ ಬಂದ ಅಧ್ಯಯನವೊಂದು, ಹೊಸದಾಗಿ ಉತ್ತ ಹುಲ್ಲುಗಾವಲನ್ನೂ ಗೊಬ್ಬರವನ್ನೂ ಲೆಕ್ಕಕ್ಕೆ ಹಿಡಿದು, ಆ ದೇಶದ ಮೆಕ್ಕೆಜೋಳದ ಎಥೆನಾಲ್ ಪೆಟ್ರೋಲಿಗಿಂತ ಕೆಟ್ಟದ್ದಾಗಿರುವ ಸಾಧ್ಯತೆಯೇ ಹೆಚ್ಚೆಂದಿತು. ಕಬ್ಬಿನದೂ ಮೆಕ್ಕೆಜೋಳದ್ದೂ ಒಂದೇ ಅಣು, ಹುಟ್ಟಿದ ದಾರಿ ಬೇರೆ. ಆದ್ದರಿಂದ ಎಥೆನಾಲಿಗೆ ಕೊಡುವ ಪ್ರೋತ್ಸಾಹ ಲೀಟರಿನ ಮೇಲೆ ನಿಂತಿರಬಾರದು, ಉಳಿಸಿದ ಇಂಗಾಲದ ಮೇಲೆ ನಿಂತಿರಬೇಕು. ಹುದುಗುವಾಗ ಲೀಟರಿಗೆ ಮುಕ್ಕಾಲು ಕಿಲೋದಷ್ಟು ಹೊರಬರುವ, ಶುದ್ಧವೆನ್ನಬಹುದಾದ ಇಂಗಾಲದ ಡೈಆಕ್ಸೈಡನ್ನು ಹಿಡಿದು ಬಳಸುವ ಡಿಸ್ಟಿಲರಿಗೂ ಗಾಳಿಗೆ ಬಿಡುವ ಡಿಸ್ಟಿಲರಿಗೂ ಒಂದೇ ದರ ಸಿಗುವುದು ಅನ್ಯಾಯ.

ಈಗ ಆಕ್ಷೇಪಗಳಿಗೆ ಬರುತ್ತೇನೆ. ನೀರಿನ ಆಕ್ಷೇಪ ಎಲ್ಲಕ್ಕಿಂತ ಗಟ್ಟಿಯಾದದ್ದು. ನೀತಿ ಆಯೋಗದ 2021ರ ವರದಿಯ ಪ್ರಕಾರ ಕಬ್ಬಿನಿಂದ ಒಂದು ಲೀಟರ್ ಎಥೆನಾಲ್ ಬರಲು ಸುಮಾರು 2,860 ಲೀಟರ್ ನೀರು ಬೇಕು. 2023ರಲ್ಲಿ ಕರ್ನಾಟಕದ ಬಹುಪಾಲು ತಾಲ್ಲೂಕುಗಳು ಬರಪೀಡಿತವೆಂದು ಘೋಷಣೆಯಾದವು. ಅದೇ ಡಿಸೆಂಬರಿನಲ್ಲಿ ಕಬ್ಬಿನ ರಸವನ್ನು ಎಥೆನಾಲಿಗೆ ಬಳಸದಂತೆ ಕೇಂದ್ರ ಸರಕಾರವೇ ತಡೆಹಾಕಬೇಕಾಯಿತು. ಅಕ್ಕಿಯನ್ನು, ಮೆಕ್ಕೆಜೋಳವನ್ನು ಡಿಸ್ಟಿಲರಿಗೆ ಕಳಿಸುವಾಗ ಊಟದ ತಟ್ಟೆಯ, ಕೋಳಿ ಸಾಕುವವರ ಮೇವಿನ ಪ್ರಶ್ನೆ ಏಳುತ್ತದೆ. ಈ ಆಕ್ಷೇಪವನ್ನು ನಾನು ತಳ್ಳಿಹಾಕುವುದಿಲ್ಲ, ನನ್ನ ವಾದಕ್ಕೆ ಅದನ್ನೇ ಆಧಾರವಾಗಿ ಹಿಡಿಯುತ್ತೇನೆ. ನೀರು, ನೆಲ ಮಿತವಾಗಿರುವುದರಿಂದಲೇ ಬೆಳೆಯ ಇಂಗಾಲ ಮಿತ, ಮಿತವಾದ್ದರಿಂದಲೇ ಅದನ್ನು ಆರಿಸಿ ಬಳಸಬೇಕು. ಪೆಟ್ರೋಲಿನ ಬಾಯಾರಿಕೆ ದೊಡ್ಡದು. ಬೆರಕೆಯ ಪ್ರಮಾಣ ಏರಿದಷ್ಟೂ ಹೊಸ ಕೊಳವೆಬಾವಿ, ಹೊಸ ಕಬ್ಬಿನ ಗದ್ದೆ ಬೇಕಾಗುತ್ತದೆ. ವಸ್ತುಗಳಿಗೂ ವಿಮಾನಕ್ಕೂ ಆದ್ಯತೆ ಕೊಟ್ಟರೆ ಈಗಿರುವ ಕಬ್ಬಿನ ಕಾಕಂಬಿ, ಕೊಯ್ಲಿನ ನಂತರ ಉಳಿಯುವ ಭತ್ತದ ಹುಲ್ಲು, ಜೋಳದ ದಂಟು ಇವುಗಳಿಂದ ಹೊರಡಬಹುದು. ಪಾಣಿಪತ್ತಿನಲ್ಲಿ ಇಂಡಿಯನ್ ಆಯಿಲ್ ಕಂಪನಿಯ ಘಟಕ ಭತ್ತದ ಹುಲ್ಲಿನಿಂದ ಎಥೆನಾಲ್ ಮಾಡಲೆಂದೇ 2022ರಲ್ಲಿ ರಾಷ್ಟ್ರಕ್ಕೆ ಸಮರ್ಪಿತವಾಯಿತು. ಹುಲ್ಲಿನ ಸಂಗ್ರಹ, ಸೆಲ್ಯುಲೋಸನ್ನು ಸಕ್ಕರೆಯಾಗಿ ಒಡೆಯುವ ಕಿಣ್ವದ ಖರ್ಚು, ಇವು ಅಲ್ಲಿ ಎದುರಾಗುವ ಕಷ್ಟಗಳು. ಸಂಶೋಧನೆಯ ಹಣ ಹರಿಯಬೇಕಾದದ್ದು ಈ ಕಡೆಗೆ.

ಬೆಲೆಯ ಆಕ್ಷೇಪವೂ ನಿಜವೇ. 2024-25ರಲ್ಲಿ ಕಬ್ಬಿನ ರಸದ ಎಥೆನಾಲಿಗೆ ತೈಲ ಕಂಪನಿಗಳು ಕೊಟ್ಟ ದರ ಲೀಟರಿಗೆ 65.61 ರೂಪಾಯಿ. ಒಂದು ಟನ್ ಎಥಿಲೀನಿಗೆ ಸುಮಾರು 2,150 ಲೀಟರ್ ಬೇಕಾಗುವುದರಿಂದ ಕಚ್ಚಾವಸ್ತುವಿನ ಖರ್ಚೇ 1.4 ಲಕ್ಷ ದಾಟುತ್ತದೆ. ನಾಫ್ತಾದ ಎಥಿಲೀನ್ ಇದಕ್ಕಿಂತ ಬಹಳ ಅಗ್ಗ. ಆದರೆ ಪೆಟ್ರೋಲಿಗೆ ಬೆರೆಸುವಾಗಲೂ ಇಂಥ ವ್ಯತ್ಯಾಸವನ್ನು ಯಾರೋ ಹೊರುತ್ತಲೇ ಇದ್ದಾರೆ. ಮೂರನೆಯ ಎರಡು ಪಾಲು ಶಕ್ತಿಯಿರುವ ದ್ರವಕ್ಕೆ ಪೂರ್ತಿ ಬೆಲೆ ಕೊಡುತ್ತಿರುವವರು ವಾಹನ ಸವಾರರು. ವಸ್ತುವಿನಲ್ಲಿ ಇದೇ ಭಾರ ತೀರ ತೆಳುವಾಗಿ ಹರಡಿಕೊಳ್ಳುತ್ತದೆ. ಅರ್ಧ ಲೀಟರ್ ಹಾಲಿನ ಪೊಟ್ಟಣ ಮೂರು ಗ್ರಾಂ ತೂಗುತ್ತದೆ, ಪ್ಲಾಸ್ಟಿಕ್ ಕಿಲೋಗೆ 70 ರೂಪಾಯಿ ದುಬಾರಿಯಾಯಿತು ಎಂದಿಟ್ಟುಕೊಂಡರೂ ಒಂದು ಪೊಟ್ಟಣಕ್ಕೆ ಬೀಳುವ ಹೆಚ್ಚುವರಿ ಸುಮಾರು 20 ಪೈಸೆ. ಇನ್ನೊಂದು ಅನುಕೂಲ, ಇಲ್ಲಿ ಮೋಸ ಕಷ್ಟ. ಕೋಟ್ಯಂತರ ವರ್ಷ ನೆಲದಡಿಯಲ್ಲಿದ್ದ ತೈಲದಲ್ಲಿ ಕಾರ್ಬನ್-14 ಉಳಿದಿರುವುದಿಲ್ಲ, ಈಚಿನ ಬೆಳೆಯಲ್ಲಿ ಇರುತ್ತದೆ. ಪ್ಲಾಸ್ಟಿಕ್ಕಿನ ಒಂದು ಚೂರನ್ನು ಪ್ರಯೋಗಾಲಯದಲ್ಲಿ ಪರೀಕ್ಷಿಸಿ ಅದರಲ್ಲಿ ಬೆಳೆಯ ಪಾಲು ಎಷ್ಟೆಂದು ಹೇಳಬಹುದು. ಹೀಗಾಗಿ ಸರಕಾರಿ ಖರೀದಿಯಲ್ಲಿ ಇಂತಿಷ್ಟು ಪಾಲು ಬೆಳೆಮೂಲದ ವಸ್ತುವಿರಬೇಕೆಂಬ ನಿಯಮ ತಂದರೆ ಅದನ್ನು ಜಾರಿಮಾಡಲೂ ಬರುತ್ತದೆ.

ಪ್ಲಾಸ್ಟಿಕ್ ವಿರೋಧಿಗಳಾದ ಪರಿಸರಪ್ರಿಯರು ಕೇಳುವ ಪ್ರಶ್ನೆ ಬೇರೆ: ಕಬ್ಬಿನಿಂದ ಮಾಡಿದರೂ ಪಾಲಿಥೀನ್ ಪಾಲಿಥೀನೇ ತಾನೆ, ಹಸುವಿನ ಹೊಟ್ಟೆಗೆ ಹೋದರೆ ಕರಗೀತೆ? ಕರಗುವುದಿಲ್ಲ. ಕಬ್ಬಿನ ಪಾಲಿಥೀನ್ ಮಣ್ಣಲ್ಲಿ ಕೊಳೆಯುತ್ತದೆಂದು ಹೇಳುವವರು ಜನರನ್ನು ದಾರಿ ತಪ್ಪಿಸುತ್ತಾರೆ. ಇಂಗಾಲ ಎಲ್ಲಿಂದ ಬಂತು, ಬಳಸಿದ ಮೇಲೆ ಎಲ್ಲಿಗೆ ಹೋಯಿತು ಎಂಬುವು ಬೇರೆ ಬೇರೆ ಪ್ರಶ್ನೆಗಳು, ಎರಡಕ್ಕೂ ಉತ್ತರ ಕೊಡಬೇಕು. ಕಸದ ಪ್ರಶ್ನೆಗೆ ಉತ್ತರ ಬಳಕೆ ತಗ್ಗಿಸುವುದು, ಸಂಗ್ರಹಿಸುವುದು, ಮರುಬಳಸುವುದು. ಅಷ್ಟು ಮಾಡಿದ ಮೇಲೂ ನೀರಿನ ಪೈಪು, ವಿದ್ಯುತ್ ತಂತಿಯ ಹೊದಿಕೆ, ಹನಿ ನೀರಾವರಿಯ ಲ್ಯಾಟರಲ್ ಕೊಳವೆಗಳು ಬೇಕೇ ಬೇಕು, ಅವುಗಳಲ್ಲಿ ಸೇರಿದ ಇಂಗಾಲ ವರ್ಷಗಟ್ಟಲೆ ಅಲ್ಲೇ ಕೂರುತ್ತದೆ. ಒಂದು ಕಿಲೋ ಪಾಲಿಥೀನಿನ ಇಂಗಾಲ ಗಾಳಿಯ 3.14 ಕಿಲೋ ಡೈಆಕ್ಸೈಡಿಗೆ ಸಮ. ಪೆಟ್ರೋಲಿನಲ್ಲಿ ಬೆರೆತ ಎಥೆನಾಲ್ ಆ ಇಂಗಾಲವನ್ನು ಕೆಲವೇ ದಿನಗಳಲ್ಲಿ ಗಾಳಿಗೆ ಮರಳಿಸುತ್ತದೆ. ಕಬ್ಬಿನ ಗದ್ದೆಯ ನೀರು ಉಳಿಸುವ ಹನಿ ಕೊಳವೆ ಕಬ್ಬಿನಿಂದಲೇ ಬಂದರೆ ನೀರಿನ ಲೆಕ್ಕವೂ ಇಂಗಾಲದ ಲೆಕ್ಕವೂ ಒಂದೇ ಕಡೆಗೆ ಕೂಡಿಬರುತ್ತವೆ.

ಕೊನೆಯ ಆಕ್ಷೇಪ ರೈತರದು, ಅದಕ್ಕೆ ನಾನು ಹೆಚ್ಚು ಬೆಲೆ ಕೊಡುತ್ತೇನೆ. ಬೆರಕೆ ನಿಲ್ಲಿಸಿದರೆ ಕಬ್ಬಿಗೆ ಗತಿಯೇನು? 2025ರ ನವೆಂಬರಿನಲ್ಲಿ ಬೆಳಗಾವಿ ಜಿಲ್ಲೆಯ ಗುರ್ಲಾಪುರದಲ್ಲಿ ಬೆಳೆಗಾರರು ದರಕ್ಕಾಗಿ ರಸ್ತೆಗಿಳಿದಾಗ ರಾಜ್ಯಕ್ಕೆ ಸಿಗುವ ಎಥೆನಾಲ್ ಹಂಚಿಕೆ ಸಾಲದೆಂಬ ಮಾತೂ ಎದ್ದಿತು. ಬೆರಕೆ ಇಂದೇ ನಿಲ್ಲಲಿ ಎಂದು ನಾನು ಹೇಳುತ್ತಿಲ್ಲ. ಶೇ 20ರ ಗಿರಾಕಿ ಇನ್ನೂ ಹಲವು ವರ್ಷ ಇರುತ್ತಾನೆ. ಆದರೆ ಒಬ್ಬನೇ ಗಿರಾಕಿ, ಅವನು ಹೇಳಿದ್ದೇ ದರ, ಅವನು ಕೊಟ್ಟಷ್ಟೇ ಹಂಚಿಕೆ ಎಂಬ ಸ್ಥಿತಿ ರೈತನಿಗೆ ಒಳ್ಳೆಯದಲ್ಲ. ವಿದ್ಯುತ್ ವಾಹನಗಳು ಹೆಚ್ಚಿದಂತೆ ಪೆಟ್ರೋಲ್ ಬೇಡಿಕೆ ಇಳಿದೇ ಇಳಿಯುತ್ತದೆ; ಆ ದಿನಕ್ಕೆ ಬೇರೆ ಗಿರಾಕಿಗಳು ಸಿದ್ಧವಿರದಿದ್ದರೆ ಡಿಸ್ಟಿಲರಿಯ ಸಾಲ, ಕಬ್ಬಿನ ಬಾಕಿ ಎರಡೂ ರೈತನ ಕೊರಳಿಗೇ ಬೀಳುತ್ತವೆ. ರಾಸಾಯನಿಕ ಕಾರ್ಖಾನೆಯೂ ವಿಮಾನ ಇಂಧನದ ಘಟಕವೂ ಖರೀದಿಗೆ ನಿಂತರೆ ಅವನಿಗೆ ಚೌಕಾಸಿಯ ಬಲ ಬರುತ್ತದೆ.

ಇದಕ್ಕೆ ಕಾನೂನಿನ ದಾರಿಯೂ ತೆರೆಯಬೇಕು. 2024ರ ಅಕ್ಟೋಬರ್ 23ರಂದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳ ಪೀಠ, ಎಂಟು-ಒಂದರ ಬಹುಮತದಿಂದ, ಕೈಗಾರಿಕಾ ಆಲ್ಕೊಹಾಲಿನ ಮೇಲೂ ರಾಜ್ಯಗಳಿಗೆ ನಿಯಂತ್ರಣದ ಅಧಿಕಾರವಿದೆ ಎಂದು ತೀರ್ಪು ಕೊಟ್ಟಿತು. ಭಿನ್ನಮತ ಬರೆದವರು ಕರ್ನಾಟಕದವರೇ ಆದ ನ್ಯಾಯಮೂರ್ತಿ ಬಿ.ವಿ. ನಾಗರತ್ನ. ತೀರ್ಪು ಬಂದಾಗಿದೆ, ರಾಜ್ಯದ ಕೈಗೆ ಬಂದ ಅಧಿಕಾರವನ್ನು ಹೇಗೆ ಬಳಸುತ್ತೇವೆಂಬುದು ಈಗಿನ ಪ್ರಶ್ನೆ. ಎಥೆನಾಲನ್ನು ಕಚ್ಚಾವಸ್ತುವಾಗಿ ಕೊಳ್ಳುವ ಕಾರ್ಖಾನೆಯನ್ನು ಮದ್ಯದಂಗಡಿಯಂತೆ ಅಬಕಾರಿ ಶುಲ್ಕದ ಮೂಲವಾಗಿ ಕಂಡರೆ ಆ ಉದ್ಯಮ ಬೇರೆ ರಾಜ್ಯ ನೋಡಿಕೊಳ್ಳುತ್ತದೆ. ಕಳ್ಳಸಾಗಣೆ ತಡೆಯುವ ಕಾವಲು ಇರಲಿ, ಕಚ್ಚಾವಸ್ತುವಿನ ಮೇಲೆ ತೆರಿಗೆಯ ಹೊರೆ ಬೇಡ.

ಒಟ್ಟಿನಲ್ಲಿ ನಾನು ಕೇಳುವುದು ನಾಲ್ಕು ಸಂಗತಿಗಳನ್ನು. ಪೆಟ್ರೋಲಿನ ಬೆರಕೆ ಶೇ 20ಕ್ಕೆ ನಿಲ್ಲಲಿ, ಅದಕ್ಕೂ ಮೀರಿದ ಸಾಮರ್ಥ್ಯ ಎಥಿಲೀನಿಗೂ ವಿಮಾನ ಇಂಧನಕ್ಕೂ ತಿರುಗಲಿ. ಖರೀದಿ ದರವನ್ನು ಪ್ರತಿ ಡಿಸ್ಟಿಲರಿ ನಿಜವಾಗಿ ಉಳಿಸಿದ ಇಂಗಾಲಕ್ಕೆ, ಬಳಸಿದ ನೀರಿಗೆ ತಕ್ಕಂತೆ ಗೊತ್ತುಮಾಡಲಿ. ಹೊಸ ಕಬ್ಬಿನ ಎಕರೆಗಿಂತ ಮೊದಲು ಕಾಕಂಬಿ, ಹುಲ್ಲು, ದಂಟುಗಳ ಸರದಿ ಬರಲಿ. ಬೆಳೆಮೂಲದ ಪೈಪು, ಕೊಳವೆಗಳಿಗೆ ಸರಕಾರವೇ ಮೊದಲ ಗಿರಾಕಿಯಾಗಲಿ. ಇವುಗಳಲ್ಲಿ ಯಾವುದೂ ಅಸಾಧ್ಯವಲ್ಲ. ರಸಾಯನಶಾಸ್ತ್ರ ಗೊತ್ತಿರುವುದೇ, ಕಾರ್ಖಾನೆಗಳ ಮಾದರಿಗಳು ತ್ರಿಯುಂಫೊದಲ್ಲೂ ಕಾಶೀಪುರದಲ್ಲೂ ಇವೆ, ಕಬ್ಬು ನಮ್ಮ ಹೊಲದಲ್ಲೇ ಇದೆ. ಈ ಸಭೆಯಲ್ಲಿರುವ ರಸಾಯನಶಾಸ್ತ್ರದ, ಕೃಷಿ ವಿಜ್ಞಾನದ, ಅರ್ಥಶಾಸ್ತ್ರದ ವಿದ್ಯಾರ್ಥಿಗಳು ನಾನು ಕೊಟ್ಟ ಲೆಕ್ಕಗಳನ್ನು ತಮ್ಮ ತಮ್ಮ ಜಿಲ್ಲೆಯ ಇಳುವರಿ, ನೀರು, ದರಗಳನ್ನು ಹಾಕಿ ಮತ್ತೆ ಮಾಡಿ ನೋಡಬೇಕು, ತಪ್ಪಿದ್ದರೆ ತಿದ್ದಬೇಕು. ರೈತನ ದುಡಿಮೆಯಿಂದ ಬಂದ ಪ್ರತಿ ಕಿಲೋ ಇಂಗಾಲ ಎಲ್ಲಿಗೆ ಹೋಗುತ್ತದೆಂದು ಕೇಳುವ ರೂಢಿ ನಮ್ಮ ವಿಶ್ವವಿದ್ಯಾಲಯಗಳಲ್ಲೂ ವಿಧಾನಸಭೆಯಲ್ಲೂ ಬೆಳೆದರೆ ಸರಿಯಾದ ನೀತಿಗೆ ಅದೇ ಮೊದಲ ಹೆಜ್ಜೆಯಾಗುತ್ತದೆ.